ಲಾರಿ ಓಡಾಡದ ರಸ್ತೆ ಯಾಕೆ ಒಡೀತು?

1/9

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡ್ರಿ. ನಮ್ಮ ಇಟ್ಟಿಗಿ ಸುತ್ತಿನ ಒಂದು ಹಳ್ಳಿ ದಾರಿ, ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ತೆಗೆದದ್ದು. (ಇದು ಹಡಗಲಿ ತಾಲ್ಲೂಕಿನ ಇಟ್ಟಿಗಿ. ಮಹಾದೇವ ದೇವಾಲಯ ಇರೋ ಕೊಪ್ಪಳದ ಇಟಗಿ ಬೇರೆ. ಪ್ರತಿ ಸರಣಿಯಲ್ಲೂ ಯಾರಾದ್ರೂ ಕೇಳೇ ಕೇಳ್ತೀರಿ, ಅದಕ್ಕೆ ಮೊದಲೇ ಹೇಳಿದೆ.) ಯಾವ ರಸ್ತೆ ಅಂತ ಹೆಸರು ಹಾಕಲ್ಲ. ಇಂಥದ್ದು ನಿಮ್ಮೂರಲ್ಲೂ ಒಂದು ಇದ್ದೇ ಇರುತ್ತೆ.

ಈ ದಾರಿಯಲ್ಲಿ ದಿನಕ್ಕೆ ಎರಡು ಸಲ ಬಸ್ಸು, ಸುಗ್ಗಿಯಲ್ಲಿ ಟ್ರ್ಯಾಕ್ಟರು, ಉಳಿದಂತೆ ಬೈಕು, ಕುರಿ ಹಿಂಡು. ಲಾರಿ ಕಂಡರೆ ಹುಡುಗರು ತಿರುಗಿ ನೋಡ್ತಾರೆ, ಅಷ್ಟು ಅಪರೂಪ. ಆದ್ರೂ ರಸ್ತೆ ತುಂಬ ಬಿರುಕು. ನೀರು ಬತ್ತಿದ ಕೆರೆ ಅಂಗಳ ನೋಡಿರ್ತೀರಲ್ಲ, ಹಾಗೆ ಚೌಕ ಚೌಕ. ಅಂಚಿನಲ್ಲಿ ಜಲ್ಲಿ ಉದುರಿ ಬಂದಿದೆ, ಕಾಲಲ್ಲಿ ಒದ್ದರೆ ಎದ್ದು ಬರುತ್ತೆ.

ಇದನ್ನ ಮೊನ್ನೆ ಸ್ಟೋರಿಗೆ ಹಾಕಿ ಕಾರಣ ಕೇಳಿದ್ದೆ. ಬಂದ ಉತ್ತರ ಎರಡೇ. ಕೆಲವರು ಓವರ್‌ಲೋಡ್ ಅಂದ್ರು, ಉಳಿದವರು ಕಮಿಷನ್ ಅಂದ್ರು. ಎರಡೂ ನಮ್ಮ ಜಿಲ್ಲೆಯಲ್ಲಿ ಇಲ್ಲ ಅಂತ ಹೇಳೋ ಧೈರ್ಯ ನನಗಿಲ್ಲ. ಆದ್ರೆ ಮೂರನೇ ಕಾರಣ ಒಂದಿದೆ, ಅದನ್ನ ಒಬ್ಬರೂ ಬರೀಲಿಲ್ಲ: ವಯಸ್ಸು. ಡಾಂಬರಿಗೆ ವಯಸ್ಸಾಗುತ್ತೆ. ಮೇಲೆ ಒಂದೂ ಗಾಡಿ ಓಡದಿದ್ರೂ ಆಗುತ್ತೆ. ಅದು ಹೇಗೆ, ಅದನ್ನ ಜನ ಯಾವಾಗ ಕಂಡುಹಿಡಿದ್ರು, ನಾವು ಯಾಕೆ ಅದರ ಲೆಕ್ಕ ಇಟ್ಟಿಲ್ಲ ಅನ್ನೋದೇ ಈ ಸಲದ ಕಥೆ.

2/9

ಡಾಂಬರು ಅನ್ನೋ ಮಾತಿನಿಂದಲೇ ಶುರು ಮಾಡೋಣ. ಟ್ರಂಕಿನಲ್ಲಿ ರೇಷ್ಮೆ ಸೀರೆ ನಡುವೆ ಅಜ್ಜಿ ಇಡೋ ಬಿಳಿ ಗುಳಿಗೆಗೂ ಡಾಂಬರು ಗುಳಿಗೆ ಅಂತೀವಿ. ಬಿಳಿ ಗುಳಿಗೆಗೂ ಕರಿ ರಸ್ತೆಗೂ ಒಂದೇ ಹೆಸರು ಹೇಗೆ? ಕಲ್ಲಿದ್ದಲನ್ನ ಗಾಳಿ ಇಲ್ಲದೆ ಕಾಯಿಸಿ ಗ್ಯಾಸು, ಕೋಕ್ ತೆಗೀವಾಗ ಕಪ್ಪು ಜಿಡ್ಡು ಉಳಿಯುತ್ತೆ. ಅದು ಟಾರು. ಗುಳಿಗೆಯ ನ್ಯಾಫ್ಥಲೀನ್ ಸಿಗ್ತಿದ್ದದ್ದು ಆ ಟಾರಿನಿಂದಲೇ. ಮೊದಮೊದಲು ರಸ್ತೆಗೆ ಹಾಕಿದ್ದೂ ಅದೇ. ಈಗ ರಸ್ತೆಗೆ ಹಾಕೋದು ಟಾರ್ ಅಲ್ಲ, ಬಿಟುಮೆನ್. ಕಚ್ಚಾತೈಲದಿಂದ ಪೆಟ್ರೋಲು, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯೋ ಮಂದ ವಸ್ತು. ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ತಯಾರಾಗುತ್ತೆ. ವಸ್ತು ಬದಲಾಯ್ತು, ನಮ್ಮ ಬಾಯಲ್ಲಿ ಹೆಸರು ಹಾಗೇ ಉಳೀತು.

ಅದಕ್ಕೂ ಮುಂಚೆ ನಮ್ಮ ಕಡೆ ರಸ್ತೆ ಅಂದ್ರೆ ಕಲ್ಲು, ಗರಸು, ನೀರು, ರೋಲರ್. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಲ್ಲ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆ. 1876-78ರ ದೊಡ್ಡ ಬರದಲ್ಲಿ ಅತಿ ಹೆಚ್ಚು ಹೊಡೆತ ತಿಂದ ಜಿಲ್ಲೆಗಳಲ್ಲಿ ಇದೂ ಒಂದು. ಬರ ಪರಿಹಾರದ ಕೆಲಸ ಅಂದ್ರೆ ಬಹುಪಾಲು ಮಣ್ಣು ಹೊರೋದು, ಕಲ್ಲು ಒಡೆಯೋದು, ರಸ್ತೆ ಹಾಕೋದು. 1877ರಲ್ಲಿ ರಿಚರ್ಡ್ ಟೆಂಪಲ್ ಗಂಡಾಳಿನ ಕೂಲಿಯನ್ನ ದಿನಕ್ಕೆ 1 ಪೌಂಡ್ ಧಾನ್ಯ, 1 ಆಣೆಗೆ ಇಳಿಸಿದ. 1 ಪೌಂಡ್ ಅಂದ್ರೆ ಸುಮಾರು 450 ಗ್ರಾಂ. ಅಷ್ಟು ತಿಂದು ದಿನವಿಡೀ ಜಲ್ಲಿ ಒಡೀಬೇಕು. ಈ ಕಥೆಗೆ ಒಂದು ಬೇರೆ ಸರಣಿಯೇ ಬೇಕು, ಇಲ್ಲಿ ಇಷ್ಟು ಸಾಕು.

ಆ ರಸ್ತೆಗಳಲ್ಲಿ ಅಂಟು ಇರಲಿಲ್ಲ. ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಕಲ್ಲನ್ನ ಪುಡಿ ಮಾಡ್ತಿತ್ತು, ಆ ಪುಡಿಯೇ ಸಂದು ತುಂಬಿ ಕಲ್ಲನ್ನ ಹಿಡಿದಿಡ್ತಿತ್ತು. ಮೋಟಾರು ಬಂದ ಮೇಲೆ ರಬ್ಬರ್ ಗಾಲಿ ಜೋರಾಗಿ ಓಡಿ ಆ ಪುಡಿಯನ್ನ ಹೀರಿ ಎಸೆಯೋಕೆ ಶುರುವಾಯ್ತು. ಧೂಳೆದ್ದು ರಸ್ತೆಯೇ ಬಿಚ್ಚಿಕೊಳ್ತು. ಆಗ ಅಂಟು ಬೇಕಾಯ್ತು. ಇಂಗ್ಲೆಂಡಿನಲ್ಲಿ ಎಡ್ಗರ್ ಹೂಲಿ 1902ರಲ್ಲಿ ಟಾರು ಬೆರೆಸಿದ ಜಲ್ಲಿಗೆ ಪೇಟೆಂಟ್ ತಗೊಂಡ. ಇಲ್ಲಿ 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ ಬಂತು, ಅದರ ಮಾತಿನಂತೆ 1929ರಲ್ಲಿ ಪೆಟ್ರೋಲ್ ಮೇಲೆ ತೆರಿಗೆ ಹಾಕಿ ಕೇಂದ್ರ ರಸ್ತೆ ನಿಧಿ ಮಾಡಿದ್ರು. 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು.

ಬರೀ ಕಲ್ಲಿನ ರಸ್ತೆ ಸವೆಯುತ್ತೆ, ಕೊಚ್ಚಿ ಹೋಗುತ್ತೆ, ಆದ್ರೆ ಮುದಿಯಾಗಲ್ಲ. ಮುಪ್ಪು ಬಂದದ್ದು ಅಂಟಿನ ಜೊತೆ.

3/9

ಇಲ್ಲಿ ಒಂದು ಪ್ರಶ್ನೆ ಬರುತ್ತೆ. ಮೊಹೆಂಜೊದಾರೊದ ದೊಡ್ಡ ಸ್ನಾನಕೊಳ ಹೈಸ್ಕೂಲು ಪುಸ್ತಕದಲ್ಲಿ ನೋಡಿದ್ದೀರಿ. ನೀರು ಸೋರದಂತೆ ಅದರ ಗೋಡೆಗೆ ಬಿಟುಮೆನ್ ಪದರ ಹಾಕಿದ್ರು. 4,000 ವರ್ಷ ದಾಟಿದ ಮೇಲೂ ಅಗೆದವರ ಕೈಗೆ ಅದು ಸಿಕ್ತು. ಹಾಗಿದ್ರೆ ಅಲ್ಲಿ ಅಷ್ಟು ಕಾಲ ಉಳಿದದ್ದು ಇಲ್ಲಿ ಏಳೆಂಟು ವರ್ಷಕ್ಕೆ ಯಾಕೆ ಸೋಲುತ್ತೆ?

ಅಲ್ಲಿ ಅದು ದಪ್ಪ ಪದರ, ಎರಡು ಇಟ್ಟಿಗೆ ಗೋಡೆ ನಡುವೆ, ಆಮೇಲೆ ಮಣ್ಣಿನಡಿ. ಗಾಳಿ ಇಲ್ಲ, ಬೆಳಕಿಲ್ಲ. ನಮ್ಮ ರಸ್ತೆಯಲ್ಲಿ ಬಿಟುಮೆನ್ ಎಷ್ಟಿರುತ್ತೆ ಅಂತೀರಿ? 100 ಕೆಜಿ ಮಿಶ್ರಣದಲ್ಲಿ ಸುಮಾರು 5 ಕೆಜಿ. ಉಳಿದದ್ದೆಲ್ಲ ಕಲ್ಲು. ಪ್ರತಿ ಕಲ್ಲಿನ ಸುತ್ತ ಅದು ಒಂದು ತೆಳು ಲೇಪ, ಹೆಚ್ಚುಕಡಿಮೆ 10 ಮೈಕ್ರಾನ್. ನಮ್ಮ ತಲೆಗೂದಲು ಇದಕ್ಕಿಂತ ಐದಾರು ಪಟ್ಟು ದಪ್ಪ. ಅಷ್ಟು ತೆಳು ಲೇಪದ ಸುತ್ತ ಗಾಳಿಯ ಸಂದುಗಳು. ಮೇಲೆ ಬಳ್ಳಾರಿ ಸೀಮೆ ಬಿಸಿಲು. ಗಾಳಿಯ ಉಷ್ಣಾಂಶ 40 ಡಿಗ್ರಿ ಇದ್ದಾಗ ಕರಿ ರಸ್ತೆಯ ಮೈ 60 ದಾಟುತ್ತೆ. ನಮ್ಮ ಕಡೆ ಮೆಕ್ಕೆಜೋಳ ಒಣಗಿಸೋಕೆ ಎಲ್ಲರೂ ಡಾಂಬರು ರಸ್ತೆಯನ್ನೇ ಹುಡುಕೋದು ಅದಕ್ಕೇ (ಎರಡನೇ ಫೋಟೋ). ಕಾಳನ್ನ ಒಣಗಿಸೋ ಆ ಕಾವೇ ರಸ್ತೆಯನ್ನೂ ಮುದಿ ಮಾಡೋದು.

4/9

ಮುದಿಯಾಗೋದು ಅಂದ್ರೆ ಒಳಗೆ ಏನಾಗುತ್ತೆ? ಮಿರ್ಚಿ ಬಂಡಿ ನೆನಪು ಮಾಡ್ಕೊಳ್ಳಿ. ಕೊಟ್ಟೂರು, ಹರಪನಹಳ್ಳಿ ಕಡೆಯವರಿಗೆ ಮಂಡಕ್ಕಿ-ಮಿರ್ಚಿ ಬಗ್ಗೆ ಬೇರೆ ಹೇಳಬೇಕಿಲ್ಲ. ಬೆಳಿಗ್ಗೆ ಬಾಣಲೆಗೆ ಸುರಿದ ಎಣ್ಣೆ ತೆಳು, ಹಳದಿ. ರಾತ್ರಿ ಹೊತ್ತಿಗೆ ಕಪ್ಪು, ಮಂದ, ಚಮಚಕ್ಕೆ ಅಂಟುತ್ತೆ. ಬಿಸಿ ಮತ್ತು ಗಾಳಿ ಸೇರಿ ಎಣ್ಣೆಯನ್ನ ಬದಲಾಯಿಸಿದವು. ಬಿಟುಮೆನ್ ಕಥೆಯೂ ಹತ್ತಿರ ಹತ್ತಿರ ಇದೇ.

ಬಿಟುಮೆನ್ ಒಂದೇ ವಸ್ತು ಅಲ್ಲ. ಅದರಲ್ಲಿ ಎಣ್ಣೆಯಂಥ ಭಾಗ ಇದೆ, ರಾಳದಂಥ ಭಾಗ ಇದೆ, ಆ ಎಣ್ಣೆಯಲ್ಲಿ ತೇಲೋ ಗಟ್ಟಿ ಕಪ್ಪು ಭಾಗ ಇದೆ. ಈ ಗಟ್ಟಿ ಭಾಗಕ್ಕೆ ಆಸ್ಫಾಲ್ಟೀನ್ ಅಂತಾರೆ. ಆಮ್ಲಜನಕ ಒಳಗೆ ಇಳಿದಂತೆ ಎಣ್ಣೆಯಂಥದ್ದು ಸ್ವಲ್ಪ ಸ್ವಲ್ಪವೇ ರಾಳವಾಗುತ್ತೆ, ರಾಳ ಆಸ್ಫಾಲ್ಟೀನ್ ಆಗುತ್ತೆ. ಜಾರಿಸೋದು ಕಡಿಮೆ, ಹಿಡಿದಿಡೋದು ಜಾಸ್ತಿ. ಒಟ್ಟು ವಸ್ತು ಗಟ್ಟಿಯಾಗ್ತಾ ಹೋಗುತ್ತೆ.

ಇದು ಎರಡು ಹಂತದಲ್ಲಿ ನಡೆಯುತ್ತೆ. ಮೊದಲ ಹಂತ ಬಿಸಿ ಮಿಶ್ರಣದ ಪ್ಲಾಂಟಿನಲ್ಲಿ. ಅಲ್ಲಿ ಸುಮಾರು 150-165 ಡಿಗ್ರಿಯಲ್ಲಿ ಜಲ್ಲಿಗೆ ಬಿಟುಮೆನ್ ಬಳೀತಾರೆ. ಎಣ್ಣೆಯ ಹಗುರ ಭಾಗ ಹೊಗೆಯಾಗಿ ಹೋಗುತ್ತೆ, ಉಳಿದದ್ದಕ್ಕೆ ಗಾಳಿ ತಾಗುತ್ತೆ. ಕೆಲವೇ ನಿಮಿಷ, ಆದ್ರೆ ವರ್ಷಗಳಷ್ಟು ಮುಪ್ಪು. ಇದನ್ನ ಲ್ಯಾಬಿನಲ್ಲಿ ನಕಲು ಮಾಡೋಕೆ ಗಾಜಿನ ಬಾಟಲಿಗಳಲ್ಲಿ ಬಿಟುಮೆನ್ ಹಾಕಿ 163 ಡಿಗ್ರಿ ಓವನ್‌ನಲ್ಲಿ 85 ನಿಮಿಷ ತಿರುಗಿಸ್ತಾರೆ. ಹಾಗೆ ಮಾಡಿದ ಮೇಲೆ ಮಂದತನ ಎಷ್ಟು ಏರಬಹುದು ಅಂತ ನಮ್ಮ ಐಎಸ್ 73 ಮಾನದಂಡದಲ್ಲೇ ಬರೆದಿದೆ: 60 ಡಿಗ್ರಿಯಲ್ಲಿ ಅಳೆದರೆ ಹೆಚ್ಚೆಂದರೆ 4 ಪಟ್ಟು. ಅಂದ್ರೆ ರಿಬ್ಬನ್ ಕತ್ತರಿಸೋ ಮುಂಚೆಯೇ, ಮೊದಲ ಬಸ್ಸು ಓಡೋ ಮುಂಚೆಯೇ, ಡ್ರಮ್ಮಿನಲ್ಲಿದ್ದ ಬಿಟುಮೆನ್‌ಗಿಂತ ಎಷ್ಟೋ ಪಟ್ಟು ಗಟ್ಟಿಯಾದದ್ದು ರಸ್ತೆಯಲ್ಲಿ ಇರುತ್ತೆ. ಪ್ಲಾಂಟಿನಲ್ಲಿ ಅತಿಯಾಗಿ ಕಾಯಿಸಿದ್ರೆ ಇನ್ನೂ ಕೆಡುತ್ತೆ. ಕರಗೋದು ಬೇಗ ಆಗುತ್ತೆ, ಕೆಲಸ ಸಲೀಸು, ರಸ್ತೆಯ ಆಯಸ್ಸು ಅಲ್ಲೇ ಸುಟ್ಟಿರುತ್ತೆ. ನೋಡೋಕೆ ಮಾತ್ರ ಅಷ್ಟೇ ಕಪ್ಪು.

ಎರಡನೇ ಹಂತ ಬಿಸಿಲಲ್ಲಿ, ವರ್ಷಗಟ್ಟಲೆ. ಮೊದಲ ಒಂದೆರಡು ವರ್ಷ ಜೋರು, ಆಮೇಲೆ ನಿಧಾನ, ಆದ್ರೆ ನಿಲ್ಲೋದಿಲ್ಲ.

5/9

ಗಟ್ಟಿಯಾದ್ರೆ ಒಳ್ಳೇದೇ ಅಲ್ವಾ ಅಂತ ನಾನೂ ಅಂದ್ಕೊಂಡಿದ್ದೆ. ಒಂದು ಮಟ್ಟಿಗೆ ಹೌದು. ಹೊಸ ರಸ್ತೆ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಗಾಲಿ ಓಡೋ ಜಾಗ ತಗ್ಗಾಗುತ್ತೆ. ಸ್ವಲ್ಪ ವಯಸ್ಸಾದ್ರೆ ಆ ತೊಂದರೆ ಕಡಿಮೆ. ಆದ್ರೆ ಗಟ್ಟಿ ಬೇರೆ, ಪೆಡಸು ಬೇರೆ.

ಬಿಸಿ ಜೋಳದ ರೊಟ್ಟಿಯನ್ನ ನಾಲ್ಕು ಮಡಿಕೆ ಮಡಚಬಹುದು. ಕಟಕ್ ರೊಟ್ಟಿ? ಅದರ ಮೇಲೆ ಇನ್ನೊಂದು ರೊಟ್ಟಿ ಪೇರಿಸಿಟ್ಟರೆ ಬಗ್ಗಲ್ಲ, ಭಾರ ಹೊರುತ್ತೆ. ಮಡಚೋಕೆ ಹೋದ್ರೆ ಮಾತ್ರ ಪಟ್ ಅಂತ ಮುರಿಯುತ್ತೆ. ಮುದಿ ರಸ್ತೆಯೂ ಕಟಕ್ ರೊಟ್ಟಿಯೇ. (ರೊಟ್ಟಿ ಗಟ್ಟಿಯಾಗೋದು ನೀರು ಹೋಗಿ, ಬಿಟುಮೆನ್ ಗಟ್ಟಿಯಾಗೋದು ಆಮ್ಲಜನಕ ಸೇರಿ. ಹೋಲಿಕೆ ಮುರಿಯೋ ರೀತಿಗೆ ಮಾತ್ರ. ರೊಟ್ಟಿಯನ್ನ ಸಾರಿಗೆ ಅದ್ದಿದ್ರೆ ಮತ್ತೆ ಮೆತ್ತಗಾಗುತ್ತೆ, ರಸ್ತೆಗೆ ಅಷ್ಟು ಸುಲಭದ ಸಾರಿಲ್ಲ.)

ಹೊಸ ಬಿಟುಮೆನ್‌ನಲ್ಲಿ ಒಂದು ಗುಣ ಇದೆ. ಎಳೆದ್ರೆ ಮೊದಲು ಬಿಗಿಯುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಹರಿದು ಆ ಬಿಗಿತವನ್ನ ಕಳ್ಕೊಳ್ಳುತ್ತೆ. ಹಗಲು ಹಿಗ್ಗಿದ ರಸ್ತೆ ರಾತ್ರಿ ತಂಪಿಗೆ ಕುಗ್ಗುವಾಗ ಒಳಗೆ ಎಳೆತ ಹುಟ್ಟುತ್ತೆ, ಹೊಸ ರಸ್ತೆ ಅದನ್ನ ಬೆಳಗಾಗೋದ್ರೊಳಗೆ ಕರಗಿಸಿಕೊಳ್ಳುತ್ತೆ. ಮುದಿ ಬಿಟುಮೆನ್ ಹರಿಯೋದು ಮರೆತಿರುತ್ತೆ. ಎಳೆತ ಒಳಗೇ ಉಳಿಯುತ್ತೆ. ಹೀಗೆ ಸಾವಿರಾರು ರಾತ್ರಿ ಕಳೆದ ಮೇಲೆ ಮೇಲ್ಮೈಯಲ್ಲಿ ಕೂದಲೆಳೆ ಬಿರುಕು ಕಾಣುತ್ತೆ. ವಯಸ್ಸು ಜಾಸ್ತಿ ಆಗೋದು ಬಿಸಿಲು, ಗಾಳಿ ತಾಗೋ ಮೇಲ್ಭಾಗಕ್ಕೆ, ಅದಕ್ಕೇ ಈ ಬಿರುಕು ಮೇಲಿಂದ ಕೆಳಗೆ ಇಳಿಯುತ್ತೆ.

ಮೇಲೆ ಗಾಡಿಯೂ ಓಡಿದ್ರೆ ಇನ್ನೊಂದು ಸಂಗತಿ. ಹಳ್ಳಿ ರಸ್ತೆಯ ಡಾಂಬರು ಪದರ ತೆಳು, ಹಲವು ಕಡೆ 20 ಮಿಲಿಮೀಟರ್ ಅಷ್ಟೇ. ಕೆಳಗಿನ ಜಲ್ಲಿ, ಮಣ್ಣು ಎಷ್ಟು ಬಗ್ಗುತ್ತೋ ಅಷ್ಟು ತಾನೂ ಬಗ್ಗಲೇಬೇಕು. ಕೆಳಗೆ ಎರೆ ಭೂಮಿ ಇದ್ರೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಇನ್ನೂ ಕುಣಿಸುತ್ತೆ. ಎಳೆ ಪದರ ಆ ಕುಣಿತವನ್ನ ಲಕ್ಷಾಂತರ ಸಲ ತಾಳುತ್ತೆ, ಮುದಿ ಪದರ ಬೇಗ ದಣಿಯುತ್ತೆ.

ಬಿರುಕು ನೋಡಿ ಯಾರದ್ದು ಅಂತ ಅಂದಾಜು ಮಾಡಬಹುದು. ಮೂರನೇ ಫೋಟೋದಲ್ಲಿ ಬಿರುಕು ಗಾಲಿ ಓಡೋ ಎರಡು ಸಾಲಿನಲ್ಲಿ ಮಾತ್ರ ಇದೆ, ಮೊಸಳೆ ಚರ್ಮದ ಹಾಗೆ ಸಣ್ಣ ಸಣ್ಣ ತುಂಡು. ಅದು ಭಾರದ ಗುರುತು. ಮೊದಲನೇ ಫೋಟೋದಲ್ಲಿ ಗಾಲಿ ಹೋಗದ ನಡುಭಾಗ, ಅಂಚು ಎಲ್ಲ ಕಡೆ ದೊಡ್ಡ ದೊಡ್ಡ ಚೌಕ. ಅದು ವಯಸ್ಸಿನ ಗುರುತು. ಅಲ್ಲಿಂದ ಮಳೆ ನೀರು ಇಳಿದ್ರೆ ಎರಡೂ ಕೂಡಿ ಗುಂಡಿ ಆಗುತ್ತೆ, ಆಮೇಲೆ ಯಾವುದು ಯಾರ ಕೆಲಸ ಅಂತ ಹೇಳೋದು ಕಷ್ಟ.

6/9

ಗಟ್ಟಿತನ ಅಳೆಯೋಕೆ ಮೊದಲು ಯಂತ್ರ ಇರಲಿಲ್ಲ. ಅಮೆರಿಕದಲ್ಲಿ ಆಸ್ಫಾಲ್ಟನ್ನ ಬಾಯಲ್ಲಿ ಜಗಿದು ನೋಡ್ತಿದ್ರು ಅಂತ ಹೇಳ್ತಾರೆ! 1880ರ ದಶಕದ ಕೊನೆಗೆ ಬಾರ್ಬರ್ ಆಸ್ಫಾಲ್ಟ್ ಕಂಪನಿಯ ಬೋವೆನ್ ಸೂಜಿ ಚುಚ್ಚಿ ನೋಡೋ ಯಂತ್ರ ಮಾಡಿದ. ಅದರ ಮೊಮ್ಮಗ ಇವತ್ತೂ ಎಲ್ಲ ಸಿವಿಲ್ ಕಾಲೇಜಿನ ಲ್ಯಾಬಿನಲ್ಲಿದೆ: 25 ಡಿಗ್ರಿಯಲ್ಲಿ, 100 ಗ್ರಾಂ ಭಾರದ ಸೂಜಿ, 5 ಸೆಕೆಂಡಿನಲ್ಲಿ ಎಷ್ಟು ಇಳಿಯಿತು, ಮಿಲಿಮೀಟರಿನ ಹತ್ತನೇ ಒಂದರ ಲೆಕ್ಕದಲ್ಲಿ. 80/100 ಡಾಂಬರು ಅಂತ ಹಳೇ ಗುತ್ತಿಗೆದಾರರು ಹೇಳೋದು ಇದನ್ನೇ, ಸೂಜಿ 8ರಿಂದ 10 ಮಿ.ಮೀ. ಇಳಿಯುತ್ತೆ ಅಂತ.

ಸೂಜಿ ಸಿಕ್ಕ ಮೇಲೆ ಹಳೇ ರಸ್ತೆಯಿಂದ ತುಂಡು ಕಿತ್ತು, ಬಿಟುಮೆನ್ ಬೇರ್ಪಡಿಸಿ ಚುಚ್ಚಿ ನೋಡಿದ್ರು. 1937ರಲ್ಲಿ ಹಬ್ಬರ್ಡ್ ಮತ್ತು ಗೊಲಂಬ್ ಅನ್ನೋರು ಗಟ್ಟಿಯಾಗೋದಕ್ಕೂ ಬಿರುಕಿಗೂ ಇರೋ ಸಂಬಂಧ ಬರೆದ್ರು. ಸೂಜಿಯ ಅಂಕಿ 30ರ ಮೇಲಿದ್ರೆ ರಸ್ತೆ ಸಾಮಾನ್ಯವಾಗಿ ತಾಳುತ್ತೆ, 20ರ ಕೆಳಗೆ ಇಳಿದ್ರೆ ಬಿರುಕು.

ಆಮೇಲೆ ನಮ್ಮವರೇ ಒಬ್ಬರು ಬರ್ತಾರೆ. ಪೃಥ್ವಿ ಸಿಂಗ್ ಕಂಧಾಲ್, ಅಮೆರಿಕದ ಪೆನ್ಸಿಲ್ವೇನಿಯಾ ರಸ್ತೆ ಇಲಾಖೆಯಲ್ಲಿ ದುಡಿದ ಭಾರತೀಯ ಎಂಜಿನಿಯರ್. ಸೂಜಿ ಸಾಲದು ಅಂತ ಅವರು ಎಳೆ ನೋಡಿದ್ರು. ಚಿಕ್ಕಿಗೆ ಬೆಲ್ಲದ ಪಾಕ ಹಿಡಿಯುವಾಗ ಅವ್ವ ಬೆರಳಲ್ಲಿ ಎಳೆ ಎಳೆದು ನೋಡ್ತಾಳಲ್ಲ, ಹಾಗೇ ಬಿಟುಮೆನ್ ತುಂಡನ್ನ ನೀರಿನ ತೊಟ್ಟಿಯಲ್ಲಿ ನಿಧಾನಕ್ಕೆ ಎಳೆಯೋದು, ಎಷ್ಟು ಉದ್ದಕ್ಕೆ ತುಂಡಾಗುತ್ತೆ ಅಂತ ಅಳೆಯೋದು. 1977ರಲ್ಲಿ ಪ್ರಕಟಿಸಿದ ಅವರ ಪ್ರಬಂಧ ಹೇಳೋದು ಇಷ್ಟು: ಸೂಜಿಯ ಅಂಕಿ ಹತ್ತಿರ ಹತ್ತಿರ ಒಂದೇ ಇದ್ರೂ ಎಳೆ ಕಡಿಮೆ ಇರೋ ರಸ್ತೆ ಮೊದಲು ಹಾಳಾಗುತ್ತೆ. ತಂಪು ನೀರಲ್ಲಿ ಎಳೆ 3ರಿಂದ 5 ಸೆಂಟಿಮೀಟರಿಗೆ ಇಳಿದಾಗ ಬಿರುಕಿನ ಕಾಲ ಬಂತು ಅಂತ ಅರ್ಥ. ಈ ಅಂಕಿಯನ್ನ ಇವತ್ತಿಗೂ ಮುಪ್ಪಿನ ಬಗ್ಗೆ ಬರೆಯೋರು ಎತ್ತಿ ಹೇಳ್ತಾರೆ.

7/9

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ತಲೆಯಲ್ಲಿ ಲಾರಿ ಮಾತ್ರ ಯಾಕೆ ಉಳೀತು?

1958ರ ಅಕ್ಟೋಬರಿನಿಂದ 1960ರ ನವೆಂಬರ್‌ವರೆಗೆ ಅಮೆರಿಕದ ಇಲಿನಾಯ್ಸ್‌ನಲ್ಲಿ ಆಶೋ ರೋಡ್ ಟೆಸ್ಟ್ ಅಂತ ನಡೀತು. ಹೊಸ ರಸ್ತೆ ಸುತ್ತುಗಳನ್ನ ಕಟ್ಟಿ, ಸೈನಿಕರ ಕೈಲಿ ಹಗಲೂರಾತ್ರಿ ಟ್ರಕ್ ಓಡಿಸಿದ್ರು. ಒಂದೊಂದು ಸಾಲಿನ ಮೇಲೆ ಸುಮಾರು 11 ಲಕ್ಷ ಅಚ್ಚು ಹಾದುಹೋದವು. ಅಲ್ಲಿ ಸಿಕ್ಕಿದ ಪ್ರಸಿದ್ಧ ಲೆಕ್ಕ ನಾಲ್ಕನೇ ಘಾತದ್ದು: ಅಚ್ಚಿನ ಭಾರ 2 ಪಟ್ಟಾದ್ರೆ ಹಾನಿ 2 ಪಟ್ಟಲ್ಲ, ಸುಮಾರು 16 ಪಟ್ಟು. ಪ್ರಪಂಚದ ರಸ್ತೆ ವಿನ್ಯಾಸ ಬಹಳಷ್ಟು ನಿಂತಿರೋದು ಈ ಪರೀಕ್ಷೆಯ ಮೇಲೆ. ಆದ್ರೆ ಅದು ನಡೆದದ್ದು ಎರಡೇ ವರ್ಷ. 20 ವರ್ಷದ ಭಾರವನ್ನ ಎರಡು ವರ್ಷದಲ್ಲಿ ಹೇರಬಹುದು, 20 ವರ್ಷದ ಬಿಸಿಲನ್ನ ಹೇರೋಕಾಗಲ್ಲ. ಭಾರದ ಅಂಕಿ ಸಿಕ್ತು, ವಯಸ್ಸಿನ ಅಂಕಿ ಸಿಗಲಿಲ್ಲ. ವಯಸ್ಸನ್ನ ಬೇಗ ತರಿಸೋ ಪರೀಕ್ಷೆ ಎಲ್ಲರ ಕೈಗೆ ಬಂದದ್ದು 1987-93ರ ಅಮೆರಿಕದ ದೊಡ್ಡ ಸಂಶೋಧನಾ ಯೋಜನೆಯಿಂದ. ಒತ್ತಡದ ಪಾತ್ರೆಯಲ್ಲಿ ಗಾಳಿ ತುಂಬಿ, 100 ಡಿಗ್ರಿ ಆಸುಪಾಸಿನಲ್ಲಿ 20 ಗಂಟೆ ಇಡೋದು. ಕುಕ್ಕರ್ ಅನ್ಕೊಳ್ಳಿ.

ನಮ್ಮ ಜಿಲ್ಲೆಯಲ್ಲಂತೂ ಲಾರಿಯನ್ನ ಮರೆಯೋದು ಹೇಗೆ? ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿಗಳ ಸಾಲು, ಕೆಂಪು ಧೂಳು, ಗುಂಡಿ ಬಿದ್ದ ಹೆದ್ದಾರಿ. 2011ರ ಜುಲೈ 27ಕ್ಕೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಗಣಿ ವರದಿ ಕೊಟ್ರು, 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆ ವರ್ಷಗಳನ್ನ ಕಂಡವರಿಗೆ ಒಡೆದ ರಸ್ತೆ ಕಂಡ ಕೂಡಲೇ ಲಾರಿ ನೆನಪಾಗೋದು ಸಹಜ. ಆ ರಸ್ತೆಗಳ ಮಟ್ಟಿಗೆ ಅದು ನಿಜವೂ ಹೌದು. ಆದ್ರೆ ಅದೇ ಕಾರಣವನ್ನ ಇಟ್ಟಿಗಿಯ ಹೊಲದ ದಾರಿಗೂ ಹಚ್ಚಿದ್ರೆ ತಪ್ಪಾಗುತ್ತೆ.

8/9

ಈಗ ಈ ಸರಣಿಯಲ್ಲಿ ನನಗೆ ಅತಿ ವಿಚಿತ್ರ ಅನಿಸಿದ ಮಾತು. ಗಾಡಿ ಕಡಿಮೆ ಓಡೋ ರಸ್ತೆಗೆ ಬೇಗ ವಯಸ್ಸಾಗಬಹುದು.

ರೋಲರ್ ಒತ್ತಿದ ಮೇಲೂ ಹೊಸ ಪದರದಲ್ಲಿ ಗಾಳಿಯ ಸಂದು ಉಳಿದಿರುತ್ತೆ. ಗಾಡಿ ಓಡ್ತಾ ಓಡ್ತಾ ಮೊದಲ ಒಂದೆರಡು ಬೇಸಿಗೆಯಲ್ಲಿ ಅದು ಇನ್ನಷ್ಟು ಒತ್ತಿಕೊಂಡು ಸಂದು ಮುಚ್ಚುತ್ತೆ, ಗಾಳಿಯ ದಾರಿ ಕಡಿಮೆಯಾಗುತ್ತೆ. ಗಾಡಿಯೇ ಓಡದ ರಸ್ತೆಯಲ್ಲಿ ಸಂದು ಹಾಗೇ ಬಾಯಿ ತೆರೆದಿರುತ್ತೆ, ಆಮ್ಲಜನಕ ಒಳಗೆ ಓಡಾಡುತ್ತೆ.

ಜೊತೆಗೆ ನಾವು ಹಳ್ಳಿಗೆ ಆರಿಸ್ಕೊಂಡ ಪದರವೂ ಅಂಥದ್ದೇ. ಪ್ರೀಮಿಕ್ಸ್ ಕಾರ್ಪೆಟ್ ಅಂತ ಕರೀತಾರೆ, 20 ಮಿ.ಮೀ. ದಪ್ಪ, ಹೆಚ್ಚುಕಡಿಮೆ ಒಂದೇ ಗಾತ್ರದ ಜಲ್ಲಿ. ಒಂದೇ ಗಾತ್ರದ ಕಲ್ಲು ಪೇರಿಸಿದ್ರೆ ನಡುವೆ ಸಂದು ಜಾಸ್ತಿ, ಚೀಲದಲ್ಲಿ ನಿಂಬೆಹಣ್ಣು ತುಂಬಿದ ಹಾಗೆ. ಅದನ್ನ ಮುಚ್ಚೋಕೇ ಮೇಲೆ ಸೀಲ್ ಕೋಟ್ ಬಳಿಯೋದು. ಸೀಲ್ ಕೋಟ್ ತೆಳುವಾದ್ರೆ, ಸವೆದ್ರೆ, ಒಳಗೆ ಗಾಳಿಗೂ ನೀರಿಗೂ ಬಾಗಿಲು ತೆರೆದ ಹಾಗೆ. ಇದು ಅಗ್ಗ, ಬೇಗ ಆಗುತ್ತೆ, ಊರೂರಿಗೆ ರಸ್ತೆ ಮುಟ್ಟಿಸಿದ್ದು ಇದೇ. ಅದನ್ನ ಅಲ್ಲಗಳೆಯೋ ಮಾತಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣಿನ ದಾರಿಯಲ್ಲಿ ಬಾಣಂತಿಯನ್ನ ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ.

ಭಾರತದಲ್ಲಿ ಬಳಸೋ ಇಂಥ ಮಿಶ್ರಣಗಳನ್ನ ಒಂದೊಂದಾಗಿ ಪರೀಕ್ಷಿಸಿ, ಸಂದು ಹೆಚ್ಚಿರೋದನ್ನ ಬಿಡಬೇಕು ಅಂತ 2008ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪತ್ರಿಕೆಯಲ್ಲಿ ವಾದಿಸಿದವರು ಅದೇ ಕಂಧಾಲ್, ವಿ.ಕೆ. ಸಿನ್ಹಾ ಮತ್ತು ಎ. ವೀರರಾಘವನ್. ವೀರರಾಘವನ್ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು, ಆಮೇಲೆ ಐಐಟಿ ಮದ್ರಾಸ್. ಬೆಂಗಳೂರಿನ ಪ್ಲಾಸ್ಟಿಕ್ ರಸ್ತೆ ಬಗ್ಗೆ ಕೇಳಿದ್ದೀರಲ್ಲ, 2002ರಲ್ಲಿ ಅದರ ಲ್ಯಾಬ್ ಪರೀಕ್ಷೆ ಮಾಡಿದ್ದು ಅವರು ಮತ್ತು ಸಿ.ಇ.ಜಿ. ಜಸ್ಟೊ.

ಬಿಟುಮೆನ್ ಆರಿಸೋ ರೀತಿಯೂ 2006ರಲ್ಲಿ ಬದಲಾಯ್ತು. 25 ಡಿಗ್ರಿಯ ಸೂಜಿ ಬಿಟ್ಟು 60 ಡಿಗ್ರಿಯ ಮಂದತನ ಅಳೆದು ವಿಜಿ-10, ವಿಜಿ-30 ಅಂತ ಹೆಸರಿಟ್ರು. 60 ಯಾಕೆ ಅಂತ ಈಗ ನಿಮಗೆ ಗೊತ್ತು, ಅದು ನಮ್ಮ ರಸ್ತೆಯ ಮೈಯ ಬೇಸಿಗೆ. ಅದರ ಜೊತೆಗೇ ವಯಸ್ಸು ಮಾಡಿಸಿದ ಮೇಲೆ ಎಳೆ ಎಷ್ಟು ಉಳಿಯಬೇಕು ಅನ್ನೋದೂ ಸೇರಿತು. ವಿಜಿ-30ಕ್ಕೆ ಕನಿಷ್ಠ 40 ಸೆಂಟಿಮೀಟರ್.

9/9

ಬಿಕಾಂ ಓದೋರು ಈ ಭಾಗ ತಪ್ಪಿಸ್ಕೊಬೇಡಿ. ನಮ್ಮ ಲೆಕ್ಕಶಾಸ್ತ್ರದಲ್ಲಿ ಡಿಪ್ರಿಸಿಯೇಷನ್‌ಗೆ ಕನ್ನಡ ಮಾತು ಸವಕಳಿ. ಎರಡು ಪದ್ಧತಿ ಓದಿರ್ತೀವಿ: ವರ್ಷಾವರ್ಷ ಒಂದೇ ಮೊತ್ತ ಕಳೆಯೋದು, ಇಲ್ಲಾ ಉಳಿದ ಮೊತ್ತದ ಮೇಲೆ ಶೇಕಡಾ ಕಳೆಯೋದು. ಬಿಟುಮೆನ್ ಎರಡನೇ ಪದ್ಧತಿ ಹಾಗೆ, ಮೊದಲು ಜೋರು, ಆಮೇಲೆ ನಿಧಾನ. ಆದ್ರೆ ಕಣ್ಣಿಗೆ ಕಾಣೋ ರಸ್ತೆ ಉಲ್ಟಾ: ವರ್ಷಗಟ್ಟಲೆ ಚೆನ್ನಾಗೇ ಇರುತ್ತೆ, ಆಮೇಲೆ ಒಂದೆರಡು ಮಳೆಗಾಲದಲ್ಲಿ ಕುಸಿಯುತ್ತೆ. ಒಳಗೆ ಸವಕಳಿ ನಡೀವಾಗ ಹೊರಗೆ ಲಕ್ಷಣ ಇಲ್ಲ, ಲಕ್ಷಣ ಬಂದಾಗ ಅಗ್ಗದ ಔಷಧಿ ಕೆಲಸ ಮಾಡಲ್ಲ.

ಮತ್ತೊಂದು. ಕಂಪನಿ ತನ್ನ ಯಂತ್ರಕ್ಕೆ ಪ್ರತಿ ವರ್ಷ ಸವಕಳಿ ತೋರಿಸಲೇಬೇಕು. ಸರ್ಕಾರದ ಲೆಕ್ಕ ನಗದು ಆಧಾರದ್ದು. ರಸ್ತೆಗೆ ದುಡ್ಡು ಕೊಟ್ಟ ವರ್ಷ ಖರ್ಚು ಬರೆದ್ರು, ಮುಗೀತು. ಆ ರಸ್ತೆ ಈ ವರ್ಷ ಎಷ್ಟು ಮುದಿಯಾಯ್ತು ಅನ್ನೋದಕ್ಕೆ ಖಾತೆಯಲ್ಲಿ ಸಾಲೇ ಇಲ್ಲ.

2000ದ ಡಿಸೆಂಬರ್ 25ಕ್ಕೆ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಒಂದು ಒಳ್ಳೇ ಕೆಲಸ ಮಾಡಿತು. ಕಟ್ಟಿದ ಗುತ್ತಿಗೆದಾರನೇ 5 ವರ್ಷ ನೋಡ್ಕೊಬೇಕು ಅಂತ ಕರಾರಿನಲ್ಲೇ ಹಾಕಿದ್ರು. ಅದರ ನಂತರ ಹೊಣೆ ರಾಜ್ಯದ್ದು. ತೆಳು ಪದರಕ್ಕೆ ಮುಪ್ಪು ಕಾಣಿಸೋಕೆ ಶುರುವಾಗೋದೂ ಆ ಹೊತ್ತಿಗೇ! ಕೂದಲೆಳೆ ಬಿರುಕಿದ್ದಾಗ ಬಿಟುಮೆನ್ ಎಮಲ್ಷನ್ ತುಂಬಿದ್ರೆ, ಮೇಲೆ ತೆಳು ಸೀಲ್ ಬಳಿದ್ರೆ, ಗಾಳಿ ನೀರು ಎರಡಕ್ಕೂ ತಡೆ. ಹೊಸ ರಸ್ತೆ ಹಾಕೋದಕ್ಕಿಂತ ಇದು ಎಷ್ಟೋ ಅಗ್ಗ. ಆದ್ರೆ ಬಿರುಕು ತುಂಬಿದ್ದಕ್ಕೆ ಯಾರೂ ಉದ್ಘಾಟನೆ ಮಾಡಲ್ಲ, ಹಾರ ಹಾಕಲ್ಲ.

ನಾವು ನೋಡಿರೋದು ಇನ್ನೊಂದು ಪದ್ಧತಿ. ಪೂರ್ತಿ ಒಡೆಯೋವರೆಗೆ ಸುಮ್ಮನಿದ್ದು, ಒಡೆದದ್ದರ ಮೇಲೇ ಹೊಸ ಪದರ ಎಳೆಯೋದು. ಕೆಳಗಿನ ಮುದಿ ಪದರದ ಬಿರುಕು ಗಾಡಿ ಹೋದಾಗೆಲ್ಲ ಅಲುಗುತ್ತೆ, ಅದರ ನೇರಕ್ಕೆ ಹೊಸ ಪದರದಲ್ಲೂ ಬಿರುಕು ಮೇಲೇಳುತ್ತೆ. ನಾಲ್ಕನೇ ಫೋಟೋ ಅದೇ. ಇನ್ನು ಊರೊಳಗೆ ರಸ್ತೆ ಮೇಲೆ ರಸ್ತೆ ಹಾಕಿ ಹಾಕಿ ಮನೆಯ ಹೊಸ್ತಿಲೇ ಕೆಳಗಾಗಿ, ಮಳೆ ನೀರು ಪಡಸಾಲೆಗೆ ಬರೋದು ನಿಮಗೂ ಗೊತ್ತು. ಹಳೇ ಪದರ ಕೆತ್ತಿ ತೆಗೆದು, ಅದಕ್ಕೆ ಹೊಸ ಬಿಟುಮೆನ್ ಸೇರಿಸಿ ಮತ್ತೆ ಬಳಸೋ ದಾರಿಯೂ ಇದೆ. 2015ರಲ್ಲಿ ಐಆರ್‌ಸಿ 120 ಅಂತ ಅದಕ್ಕೆ ಮಾರ್ಗಸೂಚಿ ಬಂದಿದೆ. ಬೇಕಾದ ಯಂತ್ರಗಳು ದೊಡ್ಡ ಹೆದ್ದಾರಿ ಕೆಲಸದವರ ಹತ್ರ ಇರ್ತವೆ, ಎರಡು ಕಿಲೋಮೀಟರ್ ಹಳ್ಳಿ ದಾರಿಗೆ ಅವನ್ನ ಯಾರೂ ತರಲ್ಲ.

ನಿಮಗೊಂದು ಕೆಲಸ. ನಿಮ್ಮೂರ ರಸ್ತೆ ಶುರುವಾಗೋ ಕಡೆ ಫಲಕ ಇದ್ರೆ ಕೆಲಸ ಮುಗಿದ ದಿನಾಂಕ ಬರ್ಕೊಳ್ಳಿ. ಬೇಸಿಗೆ ಮಧ್ಯಾಹ್ನ ಚಪ್ಪಲಿ ಹಾಕ್ಕೊಂಡು ಅದರ ಮೇಲೆ ನಿಂತು ನೋಡಿ: ಅಂಟುತ್ತಾ, ಇಲ್ವಾ? ಬಿರುಕು ಗಾಲಿ ಸಾಲಿನಲ್ಲಿದೆಯಾ, ಇಡೀ ಅಗಲಕ್ಕೆ ಇದೆಯಾ? ಫೋಟೋ, ದಿನಾಂಕ, ಊರಿನ ಹೆಸರು ಇಷ್ಟು ಡಿಎಂ ಮಾಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲ್ಲೂಕಿನದ್ದು ಬಂದ್ರೆ ವಯಸ್ಸಿನ ಪ್ರಕಾರ ಜೋಡಿಸಿ ಒಂದೇ ಪೋಸ್ಟಿನಲ್ಲಿ ಹಾಕ್ತೀನಿ. ಮೊದಲನೇ ಫೋಟೋದ ರಸ್ತೆಗೆ ಫಲಕ ಇತ್ತು, ಅದರ ದಿನಾಂಕದ ಜಾಗದಲ್ಲಿ ಯಾರೋ ಟ್ಯೂಷನ್ ಪೋಸ್ಟರ್ ಅಂಟಿಸಿದ್ದಾರೆ. ಕೀಳೋಕೆ ನೋಡಿದೆ, ಬರಲಿಲ್ಲ.

#ಇಟ್ಟಿಗಿ #ಹಡಗಲಿ #ವಿಜಯನಗರಜಿಲ್ಲೆ #ಡಾಂಬರು #ದಾರಿಯಕಥೆ